ರ‍್ಯಾಂಪಿನ ಹೊಸ್ತಿಲು

ಮನೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿ ಲೋಕೇಶನಿಗೆ ಎಚ್ಚರವಾಯಿತು. ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು, ಪಕ್ಕದ ಮನೆಯ ಮೋಟಾರು ಓಡುತ್ತಿತ್ತು, ಅವ್ವ ಕೆಂಚಮ್ಮ ಹಿತ್ತಲಲ್ಲಿ ಕೋಳಿಗಳ ವಂಶವನ್ನೆಲ್ಲ ಬೈಯುತ್ತಿದ್ದಳು. ಎಲ್ಲ ಇತ್ತು. ಇಲ್ಲದ್ದು ಯಾವುದು ಎಂದು ಹೊಳೆಯುವ ಹೊತ್ತಿಗೆ ಹೆಂಡತಿ ಲತಾಮಣಿ ಗಾಲಿಕುರ್ಚಿಯಲ್ಲಿ ಅವನ ತಲೆದಿಂಬಿನ ಪಕ್ಕಕ್ಕೇ ಬಂದು ನಿಂತಿದ್ದಳು, ಸದ್ದಿಲ್ಲದೆ. ಆ ಕುರ್ಚಿ ಮನೆಗೆ ಬಂದಾಗಿನಿಂದ ಕೀಚ್ ಕೀಚ್ ಎನ್ನುತ್ತಲೇ ಇತ್ತು. ಅವಳು ಅಡಿಗೆಮನೆಯಲ್ಲಿದ್ದಾಳೋ ಜಗಲಿಗೆ ಬಂದಳೋ, ತಾನು ಫೋನಿನಲ್ಲಿ ಆಡುವ ಮಾತು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿದ್ದಾಳೋ ಎಂಬುದನ್ನೆಲ್ಲ ಆ ಕೀಚಲು ಅವನಿಗೆ ಮೊದಲೇ ಬಂದು ಹೇಳುತ್ತಿತ್ತು. ಎಣ್ಣೆ ಬಿಡಬೇಕು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಅಂದುಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಮಾಗಡಿ ತಾಲ್ಲೂಕಿನಲ್ಲಿ ಇರಲಿಲ್ಲ.

"ಗಾಲಿಗೆ ಕೊಬ್ರಿ ಎಣ್ಣೆ ಬುಟ್ಟೆ," ಅಂದಳು ಲತಾಮಣಿ. ತಲೆ ಬಾಚಿ, ಹೂ ಮುಡಿದು, ಹಸಿರು ಸೀರೆ ಉಟ್ಟಿದ್ದಳು. "ಇವತ್ತು ಮೀಟಿಂಗ್ ಐತಲ್ಲ, ನಾನೂ ಬತ್ತೀನಿ."

"ಯಾವ ಮೀಟಿಂಗು?" ಅಂದ, ಗೊತ್ತಿದ್ದೂ.

"ನಂದೇ ಮೀಟಿಂಗು. ಅಧ್ಯಕ್ಷೆ ನಾನೇ ತಾನೆ? ಅಲ್ಲ ಅಂದ್ರೆ ಈಗ್ಲೇ ಹೇಳ್ಬುಡಿ, ಹೂ ತೆಗೆದು ಮಲೀಕತೀನಿ."

ಲೋಕೇಶ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದ. ನೀರು ಎರಚಿಕೊಂಡಷ್ಟೂ ಕುದುರೆಕಲ್ಲುಪಾಳ್ಯದ ಪಂಚಾಯಿತಿ ಕಚೇರಿಯ ತಿರುಗುವ ಕುರ್ಚಿಯೇ ಕಣ್ಣೆದುರು ಬರುತ್ತಿತ್ತು. ಅದರ ಬೆನ್ನಿಗೆ ಹೊದಿಸಿದ ಬಿಳಿ ಟವೆಲ್ಲು ಕೊಳೆಯಾದರೆ ಮನೆಗೆ ತಂದು ಒಗೆಯಲು ಹಾಕುತ್ತಿದ್ದವನು ಅವನೇ, ಒಗೆಯುತ್ತಿದ್ದವಳು ಲತಾಮಣಿ. ವಾರ್ಡಿನ ಸೀಟೂ ಅಧ್ಯಕ್ಷರ ಕುರ್ಚಿಯೂ ಹೆಂಗಸರಿಗೆ ಮೀಸಲಾದಾಗ ಊರಿಗೆ ಊರೇ ಜಗಲಿಗೆ ಬಂದು 'ನೀನೇ ನಿಂತ್ಕಳ್ಲಾ ಲೋಕೇಸ' ಎಂದಿತ್ತು. ಹೆಂಗಸರ ಸೀಟಿಗೆ ಗಂಡಸು ನಿಲ್ಲುವುದು ಹೇಗೆ ಎಂದು ಯಾರೂ ಕೇಳಲಿಲ್ಲ; ಸುತ್ತಮುತ್ತ ಎಲ್ಲರೂ ಹಾಗೆಯೇ ನಿಂತಿದ್ದರು. ಫ್ಲೆಕ್ಸಿನಲ್ಲಿ ಅವನ ಮುಖ ಕಲ್ಲಂಗಡಿಯಷ್ಟು, ಅಭ್ಯರ್ಥಿಯದು ನಿಂಬೆಹಣ್ಣಿನಷ್ಟು. ಗೆದ್ದ ದಿನ ಅವಳು ಹಾರ ಹಾಕಿಸಿಕೊಂಡು ಮನೆಗೆ ಬಂದು ಮುದ್ದೆ ತೊಳಸಿದಳು, ಅವನು ಹೋಗಿ ಕುರ್ಚಿಯಲ್ಲಿ ಕೂತ. ಆಗೆಲ್ಲ ಒಳಗೊಳಗೇ ಒಂದು ಮುಳ್ಳು ಚುಚ್ಚುತ್ತಿತ್ತು. ಮೇಲಿನವರು ಯಾರಾದರೂ ಬಂದು 'ಏನ್ರೀ, ನಿಮ್ಮ ಹೆಂಡತಿಗೆ ಏನಾಗಿದೆ?' ಎಂದರೆ ಏನು ಹೇಳುವುದು? ಆಮೇಲೆ ದೊಡ್ಡಮಳೂರಿನ ದೇವಸ್ಥಾನದಿಂದ ಬರುವಾಗ ಬೈಕಿಗೆ ನಾಯಿ ಅಡ್ಡ ಬಂತು. ಅವಳ ಬೆನ್ನುಮೂಳೆ ಹೋಯಿತು, ಅವನ ಮೊಣಕೈ ತರಚಿತು, ಮತ್ತು, ಇದನ್ನು ಅವನು ತನ್ನೊಳಗೂ ಬಾಯಿಬಿಟ್ಟು ಹೇಳಿಕೊಂಡವನಲ್ಲ, ಅವನು ಕೂತ ಕುರ್ಚಿಗೊಂದು ನ್ಯಾಯ ಸಿಕ್ಕಿತು. 'ಪಾಪ, ಅವರಿಗೆ ಆಗಲ್ಲ, ನಾನೇ ನೋಡ್ಕೊಳ್ತೀನಿ' ಎಂದರೆ ಯಾವ ಅಧಿಕಾರಿಯೂ ಮುಂದೆ ಮಾತಾಡುತ್ತಿರಲಿಲ್ಲ.

ಕಚೇರಿಯನ್ನು ಕಟ್ಟಿದವರು ಅದನ್ನು ಆನೆ ಹತ್ತಿ ಇಳಿಯುವ ಕಟ್ಟೆಯಂತೆ ಎತ್ತರಕ್ಕೆ ಕಟ್ಟಿದ್ದರು. ಸರ್ಕಾರ ಎಂದರೆ ಜನ ತಲೆಯೆತ್ತಿ ನೋಡಬೇಕು ಅನ್ನುವ ಲೆಕ್ಕ ಇದ್ದೀತು. ಬಾವುಟ ಹಾರಿಸುವ ದಿನಗಳಲ್ಲಿ ಮಾತ್ರ ಅಧ್ಯಕ್ಷೆ ಅಲ್ಲಿಗೆ ಹೋಗಲೇಬೇಕಿತ್ತು. ಆಗ ಲೋಕೇಶ ಅವಳನ್ನು ಎರಡು ಕೈಯಲ್ಲೂ ಎತ್ತಿಕೊಂಡು ಕಲ್ಲು ಮೆಟ್ಟಿಲು ಹತ್ತುತ್ತಿದ್ದ. ಮೊದಲ ಸಲ ನಾಚಿಕೆಯಾಗಿತ್ತು. ಎರಡನೆಯ ಸಲಕ್ಕೆ ಇಸ್ಕೂಲಿನ ಹೆಡ್‌ಮೇಷ್ಟ್ರು ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದವು. 'ಗಂಡ ಅಂದ್ರೆ ಹಿಂಗಿರ್ಬೇಕು ನೋಡ್ರಮ್ಮಿ' ಎಂದು ತಿಪ್ಪಸಂದ್ರದ ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಬೆರಳು ಮಾಡಿ ತೋರಿಸಿದರು. ಆಮೇಲಾಮೇಲೆ ಅವನು ಮೆಟ್ಟಿಲ ನಡುವೆ ಒಸಿ ನಿಂತು, ಉಸಿರು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಮತ್ತೆ ಹತ್ತುತ್ತಿದ್ದ. ಅವನ ತೋಳಿನಲ್ಲಿ ಲತಾಮಣಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ನೋಡಿದವರು ಅದನ್ನು ಭಕ್ತಿ ಎಂದುಕೊಂಡರು. ಸೀರೆಯ ನೆರಿಗೆ ಜಾರಿ ಮೊಣಕಾಲು ಕಂಡರೆ ಎಂಬ ದಿಗಿಲಿಗೆ ಅವಳು ಒಂದು ಕೈಯಲ್ಲಿ ಸೀರೆಯನ್ನು ಬಿಗಿಯಾಗಿ ಹಿಡಿದಿರುತ್ತಿದ್ದುದು ಅವನಿಗೆ ಮಾತ್ರ ಗೊತ್ತಿತ್ತು, ಅವನೂ ಅದನ್ನು ಭಕ್ತಿಯ ಲೆಕ್ಕಕ್ಕೇ ಹಾಕಿದ್ದ.

ರ‍್ಯಾಂಪು ಬಂದದ್ದು ಯಾರೂ ಕೇಳಿ ಅಲ್ಲ. ಸಾರ್ವಜನಿಕ ಕಟ್ಟಡಗಳಿಗೆಲ್ಲ ಇರಬೇಕು, ಕಟ್ಟಿ ಫೋಟೋ ಕಳಿಸಿ ಎಂದು ಮೇಲಿನಿಂದ ಆದೇಶ ಬಂತು. ಮುಂದಿನ ಮೆಟ್ಟಿಲ ಕಡೆ ಜಾಗ ಸಾಲದೆ, ಪಕ್ಕದ ಗೋಡೆ ಒಡೆದು ಹೊಸ ಬಾಗಿಲು ಇಟ್ಟು, ಅಲ್ಲಿಗೆ ಇಳಿಜಾರು ಎಳೆದರು. ಅದರ ಉದ್ಘಾಟನೆಯ ದಿನ ಇಳಿಜಾರಿನ ತುಂಬ ರಂಗೋಲಿ ಬಿಟ್ಟಿದ್ದರು. ಅಂಗನವಾಡಿಯ ಹೆಂಗಸರು ಬೆಳಗ್ಗೆಯಿಂದ ಬಗ್ಗಿ ಹಾಕಿದ ನವಿಲು, ಕಮಲ. ಅದರ ಮೇಲೆ ಗಾಲಿ ಉರುಳಿಸುವುದು ಹೇಗೆ? ಅದಕ್ಕೇ ಲೋಕೇಶ ಹೆಂಡತಿಯನ್ನು ಎಂದಿನಂತೆ ಮುಂದಿನ ಮೆಟ್ಟಿಲಲ್ಲಿ ಎತ್ತಿಕೊಂಡು ಹೋಗಿ ಹಜಾರದಲ್ಲಿ ಕೂರಿಸಿದ, ಟೇಪನ್ನು ಅವಳು ಕೂತಲ್ಲಿಗೇ ತಂದರು, ಹೊಸ ಬಾಗಿಲ ಹತ್ತಿರ ಹೋಗದೆ ಅಲ್ಲೇ ಕತ್ತರಿಸಿದಳು. ಗಾಲಿಕುರ್ಚಿಯವರಿಗೆಂದು ಕಟ್ಟಿದ ದಾರಿಯನ್ನು ಗಾಲಿಕುರ್ಚಿಯವಳನ್ನು ಹೊತ್ತುಕೊಂಡು ಹೋಗಿ ಉದ್ಘಾಟಿಸಿದ್ದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಚಪ್ಪಾಳೆ ಬಿತ್ತು, ಲಾಡು ಹಂಚಿದರು.

ಲೋಕೇಶ ಮುಖ ಒರೆಸಿಕೊಳ್ಳುತ್ತ ನಿಂತ. ಬಾಗಿಲು. ಅದರ ಯೋಚನೆಗೆ ಬರಬಾರದು ಎಂದೇ ಇಷ್ಟು ಹೊತ್ತು ಉಳಿದದ್ದನ್ನೆಲ್ಲ ಯೋಚಿಸಿದ್ದ. ಗಾರೆ ಗಂಗಯ್ಯ ಹೊಸ ಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ಕರಣೆ ಹಿಡಿದು ಕೇಳಿದ್ದ: 'ಅಧ್ಯಕ್ಷ್ರೇ, ಹೊಸ್ಲು ಕೂರಿಸ್ಲಾ?' ಅಲ್ಲಿ ನಾಲ್ಕಾರು ಜನ ಇದ್ದರು. ಹೊಸ್ತಿಲಿಲ್ಲದ ಬಾಗಿಲು ಕೊಟ್ಟಿಗೆಗೆ ಸರಿ ಅಂದನೊಬ್ಬ. ಲಕ್ಷ್ಮಿ ಹೊರಕ್ಕೆ ಜಾರಿಹೋಗುತ್ತಾಳೆ ಅಂದನೊಬ್ಬ. ಹಾವು ಚೇಳು ನುಗ್ಗುತ್ತವೆ ಎಂದು ಮೆಂಬರು ಮರಿಯಪ್ಪ ಅಂದ. ಗಾಲಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗಂಗಯ್ಯ ಮಾತ್ರ ಇಳಿಜಾರನ್ನೊಮ್ಮೆ, ಲೋಕೇಶನನ್ನೊಮ್ಮೆ ನೋಡಿ ಸುಮ್ಮನೆ ನಿಂತಿದ್ದ. ಲೋಕೇಶ 'ಕೂರ್ಸು, ಬಾಗ್ಲು ಅಂದ್ಮೇಲೆ ಹೊಸ್ಲು ಇರ್ಬೇಕು' ಅಂದ. ಕಡಪ ಕಲ್ಲಿನ ಹೊಸ್ತಿಲು ನಾಲ್ಕು ಬೆರಳು ಎತ್ತರಕ್ಕೆ ಎದ್ದು ಕೂತಿತು. ಅರಿಶಿನ ಬಳಿದು ಕುಂಕುಮ ಇಟ್ಟರು. ಕೆಳಗಿನಿಂದ ತೆಗೆದ ಫೋಟೋದಲ್ಲಿ ಇಳಿಜಾರು ಕಂಡಿತು, ಬಾಗಿಲು ಕಂಡಿತು, ಹೊಸ್ತಿಲು ಕಾಣಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಗೊತ್ತಿತ್ತೇ? ಮರೆತಿದ್ದನೇ, ಅಥವಾ ಮರೆತವನಂತೆ ನಿಂತಿದ್ದನೇ? ಶಾಸ್ತ್ರಕ್ಕೆ ಹೇಳಿದ್ದು, ಬೇರೇನೂ ಅಲ್ಲ, ಎಂದು ಕನ್ನಡಿಗೆ ಹೇಳಿದ. ಕನ್ನಡಿಯಲ್ಲಿದ್ದವನು ಅವನ ಪಕ್ಷದವನೇ, ಒಪ್ಪಿಕೊಂಡ. ಹಾಗಾದರೆ ಈಗ ಹೋಗಿ ಅವಳಿಗೆ ಹೇಳಿಬಿಡಬಹುದಲ್ಲ: ಲತಾ, ಅಲ್ಲಿ ಹೊಸ್ಲು ಐತೆ, ನಿನ್ನ ಗಾಲಿ ದಾಟಲ್ಲ, ಮೊದಲು ಅದನ್ನು ತೆಗೆಸ್ತೀನಿ, ಆಮೇಲೆ ಬಾ. ಅಷ್ಟೇ ಮಾತು. ಬಚ್ಚಲಿನಿಂದ ಹೊರಗೆ ಬರುವಾಗ ಆ ಮಾತು ನಾಲಗೆಯ ಮೇಲಿತ್ತು.

"ಹೊರಡಾನ್ವಾ?" ಅಂದಳು ಲತಾಮಣಿ.

"ಕಾರು ತರುಸ್ತೀನಿ ಇರು."

"ಯಾಕೆ? ಅಲ್ಲೇ ಐತಲ್ಲ. ಒಂದು ಬೀದಿ."

ಕೆಂಚಮ್ಮ ಹಿತ್ತಲಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲ ಕಣಮ್ಮಿ, ಗಂಡ ಅನ್ನೋನು ಕಲ್ಲುಗುಂಡಂಗೆ ಇರುವಾಗ ನೀನು ಬೀದಿಲಿ ಉರುಳ್ಕೊಂಡು ಹೋಯ್ತೀಯಾ? ನೋಡ್ದೋರು ಏನಂದಾರು?"

"ಎತ್ಕೊಂಡು ಹೋಗುವಾಗ್ಲೂ ನೋಡ್ತಿದ್ರಲ್ಲತ್ತೆ. ಆಗ ಏನೂ ಅನ್ನಲಿಲ್ವಾ?"

"ಆಗ ಒಳ್ಳೇರು ಅಂತಿದ್ರು."

"ಯಾರ್ನ?" ಅಂದಳು ಲತಾಮಣಿ, ಗಾಲಿ ತಿರುಗಿಸಿದಳು.

ಬೀದಿಗೆ ಇಳಿದರು. ಅವಳು ಮುಂದೆ, ಅವನು ಹಿಂದೆ. ತಳ್ಳಲು ಕೈ ಚಾಚಿದರೆ 'ಬುಡಿ' ಅಂದಳು. ಕೈಗೆ ಕೆಲಸವಿಲ್ಲದೆ ಅವನು ಫೋನು ತೆಗೆದ, ಇಟ್ಟ, ಮತ್ತೆ ತೆಗೆದ. ವಾಹನ ಓಡಿ ಕಾಳು ಉದುರಲಿ ಎಂದು ರಸ್ತೆಯ ಅಗಲಕ್ಕೂ ಹುರುಳಿಗಿಡ ಹರಡಿದ್ದರು. ಅವಳು ಅದರ ಮೇಲೇ ಗಾಲಿ ಹಾಯಿಸಿದಳು. ಬಳ್ಳಿ ಗಾಲಿಗೆ ಸುತ್ತಿಕೊಂಡಾಗ ಬಗ್ಗಿ ಬಿಡಿಸಿಕೊಂಡು ಮುಂದೆ ಹೋದಳು. ಹುರುಳಿಯ ಒಡತಿ ಜಗಲಿಯಿಂದ ಕೂಗಿದಳು: "ಇನ್ನೊಂದು ಸುತ್ತು ಹೊಡ್ಕೊಂಡು ಹೋಗವ್ವ, ಟ್ರಾಕ್ಟರ್‌ಗೆ ಕಾಯ್ತಿವ್ನಿ!" ಲತಾಮಣಿ ನಕ್ಕಳು. ಗಟ್ಟಿಯಾಗಿ. ಈ ನಗುವನ್ನು ಎಲ್ಲಿ ಕೇಳಿದ್ದು ಎಂದು ಲೋಕೇಶ ಯೋಚಿಸಿದ. ಮದುವೆಯಾದ ಹೊಸತರಲ್ಲಿ ಬೈಕಿನ ಹಿಂದೆ ಕೂತು ಸಾವನದುರ್ಗದ ಕಡೆ ಹೋಗುವಾಗ ಅವಳು ಹೀಗೆ ನಗುತ್ತಿದ್ದಳು, ಅವನು ಬೇಕೆಂದೇ ಹಳ್ಳಕ್ಕೆ ಇಳಿಸುತ್ತಿದ್ದ. ಹೊಸ್ತಿಲ ಮಾತು ಇನ್ನೂ ನಾಲಗೆಯ ಮೇಲೇ ಇತ್ತು. ಈಗ ಹೇಳಿದರೆ ನಗು ನಿಲ್ಲುತ್ತದೆ, ಪಾಪ, ನಗಲಿ, ಎಂದುಕೊಂಡ. ಅವನ ಒಳ್ಳೆಯತನ ಯಾವಾಗಲೂ ಹೀಗೆ ಅವನಿಗೆ ಬೇಕಾದ ಕಡೆಗೇ ನಡೆಯುತ್ತಿತ್ತು. ನಿಜ ಏನೆಂದರೆ ಮನಸ್ಸು ಆಗಲೇ ಮುಂದಕ್ಕೆ ಓಡಿ ಬಾಗಿಲ ಹತ್ತಿರ ನಿಂತಿತ್ತು. ಅವಳು ಹತ್ತುತ್ತಾಳೆ. ಹೊಸ್ತಿಲು ತಡೆಯುತ್ತದೆ. ಎಲ್ಲರೂ ಅಯ್ಯೋ ಅನ್ನುತ್ತಾರೆ. ಆಗ ತಾನು ಏನೂ ಮಾತಾಡದೆ ಮುಂದೆ ಹೋಗಿ ಬಗ್ಗುತ್ತೇನೆ. ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಒಂದು ಗಳಿಗೆ ಅವಳನ್ನು ಒಳಗೆ ಕೂರಿಸಿ, ಬಿಸಿಲು ಅಂತಲೋ ಬೆನ್ನುನೋವು ಅಂತಲೋ ಮನೆಗೆ ಬಿಟ್ಟುಬಂದರೆ ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಮೊದಲಿನಂತೆ.

ಇಳಿಜಾರು ಊರಿಗೆ ಆಗಲೇ ಒಗ್ಗಿಹೋಗಿತ್ತು. ಅದರ ಮೇಲೆ ಮರಿಯಪ್ಪನ ಮನೆಯ ರಾಗಿ ಒಣಗುತ್ತಿತ್ತು, ಕೆಳಗೆ ಯಾರದೋ ಬೈಕು ನಿಂತಿತ್ತು, ಕಂಬಿಗೆ ಒಂದು ಆಡು ಕಟ್ಟಿದ್ದರು. ಮೀಟಿಂಗಿಗೆ ಬಂದು ನೆರಳಿನಲ್ಲಿ ನಿಂತಿದ್ದ ಮೆಂಬರುಗಳು ಅಧ್ಯಕ್ಷೆಯ ಗಾಲಿಕುರ್ಚಿ ಕಂಡು ಬೀಡಿ ಎಸೆದರು. "ಅಯ್ಯೋ, ಅಕ್ಕಾವ್ರೇ ಬಂದ್ಬುಟ್ರು!" ಎಂದು ಮರಿಯಪ್ಪ ಅಂದದ್ದು ದೆವ್ವ ಬಂತು ಎಂಬ ಹಾಗೆ ಕೇಳಿಸಿತು. ಪಿಡಿಒ ಶಾಲಿನಿ, ಪಂಚಾಯಿತಿಯ ಅಧಿಕಾರಿ, ಕಡತ ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಬಂದಳು. ಅವಳ ಮುಖದಲ್ಲಿ ಲೋಕೇಶನಿಗೆ ಹಿಡಿಸದ ಒಂದು ಸಂತೋಷವಿತ್ತು. ಬೈಕು ಸರಿಸಿದರು, ಆಡನ್ನು ಬಿಚ್ಚಿದರು, ರಾಗಿಯನ್ನು ಮಾತ್ರ ಒಂದು ಪಕ್ಕಕ್ಕೆ ಎಳೆದರು.

ಲತಾಮಣಿ ಹತ್ತತೊಡಗಿದಳು. ಹಿಂದಿನಿಂದ ಲೋಕೇಶ ಅವಳ ಭುಜಗಳನ್ನು ನೋಡಿದ. ರವಿಕೆಯ ತೋಳು ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಈ ಭುಜಗಳು ಯಾವಾಗ ಇಷ್ಟು ಗಟ್ಟಿಯಾದವು? ದಿನಾ ಒಂದೇ ಮನೆಯಲ್ಲಿದ್ದು ಅವನಿಗೆ ಗೊತ್ತಾಗಿರಲಿಲ್ಲ. ನಡುವೆ ಗಾಲಿ ಒಮ್ಮೆ ಹಿಂದಕ್ಕೆ ಜಾರಿತು, ಅವಳು ಹಿಡಿದುಕೊಂಡಳು. ಆ ಗಳಿಗೆಯಲ್ಲಿ ತಾನು ಬಯಸಿದ್ದು ಅವಳು ಬೀಳದಿರಲಿ ಎಂದೋ ಬೀಳಲಿ ಎಂದೋ ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಅವಳು ಮೇಲೆ ತಲುಪಿದಳು. ಗಾಲಿ ಕಡಪ ಕಲ್ಲಿಗೆ ಟಣ್ಣನೆ ಬಡಿದು ನಿಂತಿತು.

ಅರಿಶಿನ ಬಳಿದ ಹೊಸ್ತಿಲನ್ನು ಎಲ್ಲರೂ ಈಗ ಮೊದಲ ಸಲ ನೋಡಿದವರಂತೆ ನೋಡಿದರು.

"ಇದನ್ನ ಇಕ್ಕಿಸ್ದೋರು ಯಾರು?" ಅಂದಳು ಲತಾಮಣಿ.

"ಸಾಸ್ತ್ರ ಕಣಕ್ಕ," ಅಂದ ಮರಿಯಪ್ಪ. "ಹೊಸ್ಲಿಲ್ದೆ ಬಾಗ್ಲು ಇಡಾಕಾಯ್ತದಾ? ಲಕ್ಷ್ಮಿ ನಿಲ್ಲಾಕಿಲ್ಲ."

"ಲಕ್ಷ್ಮಿ ಒಳಗೇ ಅವಳೆ ಬುಡು ಮರಿಯಪ್ಪಣ್ಣ. ನಾನು ಹೊರಗಿವ್ನಿ, ನನಗೇನು ಮಾಡ್ತೀರಿ?"

"ಅದಕ್ಕೇನಂತೆ? ಲೋಕೇಸಣ್ಣ ಅವ್ರಲ್ಲ! ಬನ್ನಿ ಅಧ್ಯಕ್ಷ್ರೇ, ಎತ್ಕಳಿ ಮತ್ತೆ." ಅಧ್ಯಕ್ಷೆಯ ಮುಂದೆಯೇ ಅಧ್ಯಕ್ಷ್ರೇ ಎಂದು ಅವಳ ಗಂಡನನ್ನು ಕರೆದದ್ದು ಮರಿಯಪ್ಪನಿಗೆ ಹೊಳೆಯಲೇ ಇಲ್ಲ.

ಇದೇ ಗಳಿಗೆ. ಲೋಕೇಶ ಬೀದಿಯುದ್ದಕ್ಕೂ ಮನಸ್ಸಿನಲ್ಲಿ ಹೊತ್ತು ತಂದದ್ದು ಇದನ್ನೇ. ಶಲ್ಯ ಕಂಬಿಗೆ ಹಾಕಿ, ಅವಳ ಪಕ್ಕಕ್ಕೆ ಬಂದು ಬಗ್ಗಿ, ಎರಡು ಕೈ ಚಾಚಿದ. ಲತಾಮಣಿ ಕಣ್ಣು ಮುಚ್ಚಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ. ಚಾಚಿದ ಕೈಗಳನ್ನು ನೋಡಿದಳು, ಸಂತೆಯಲ್ಲಿ ಬಾಡಿದ ಸೊಪ್ಪಿನ ಕಟ್ಟನ್ನು ನೋಡುವ ಹಾಗೆ.

"ಕೈ ಇಳ್ಸಿ," ಅಂದಳು, ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ. "ನಿಮಗೆ ಗೊತ್ತಿತ್ತು."

ಅವನು ಬಗ್ಗಿಯೇ ಇದ್ದ. ಮೇಲೇಳಬೇಕೋ ಬೇಡವೋ ತಿಳಿಯಲಿಲ್ಲ. ಕೆಳಗಡೆ ಯಾರೋ ಕೆಮ್ಮಿದರು. ಕೊನೆಗೆ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದವನಂತೆ ಕಾಲಿನ ಕಡೆ ಕೈ ಒಯ್ದ. ಚಪ್ಪಲಿಯನ್ನು ಕೆಳಗೇ ಬಿಟ್ಟುಬಂದಿದ್ದ.

"ಮೇಡಂ," ಲತಾಮಣಿ ಗಾಲಿ ಹೊರಳಿಸಿ ಶಾಲಿನಿಯ ಕಡೆ ತಿರುಗಿದಳು, "ಮೀಟಿಂಗು ಗೋಡೆ ಒಳಗೇ ಆಗ್ಬೇಕು ಅಂತ ರೂಲ್ಸ್ ಐತಾ?"

"ಪಂಚಾಯಿತಿ ಆವರಣ ಅಂತಿದೆ ಮೇಡಂ. ಇದೂ ಆವರಣವೇ."

"ಹಂಗಾದ್ರೆ ಇಲ್ಲೇ ಮಾಡಾನ. ಕುರ್ಚಿ ತರ್ಸಿ."

ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಇಳಿಜಾರಿನ ಮೇಲೆ ಇಟ್ಟರೆ ನಿಲ್ಲಬೇಕಲ್ಲ! ಒಂದೊಂದೂ ಮೆಂಬರ ಸಮೇತ ಕೆಳಕ್ಕೆ ಹೊರಟಿತು. ಮರಿಯಪ್ಪ ಗತ್ತಿನಿಂದ ಕೂತು, ಹಿಮ್ಮುಖವಾಗಿ ಜಾರಿ, ತನ್ನ ರಾಗಿಯ ಮೇಲೆ ತಾನೇ ಅಂಗಾತ ಬಿದ್ದ. "ಯಾವನ್ಲಾ ಇದನ್ನ ಕಟ್ಟಿಸ್ದೋನು, ಒಂದು ಕುರ್ಚಿ ನಿಲ್ಲಾಕಿಲ್ಲ!" ಎಂದು ರಾಗಿ ಕೊಡವಿಕೊಂಡ. "ನೀವೇ ಕಣಣ್ಣ ಒಪ್ಪಿಗೆ ಕೊಟ್ಟಿದ್ದು," ಅಂದಳು ಲತಾಮಣಿ, "ನೋಡಿ, ನಂದು ನಿಂತೈತೆ, ಬ್ರೇಕ್ ಐತೆ." ಕೊನೆಗೆ ಮೆಂಬರುಗಳೆಲ್ಲ ಒಂದು ಕೈಯಲ್ಲಿ ಕಂಬಿ ಹಿಡಿದು, ಬಸ್ಸಿನಲ್ಲಿ ಸೀಟು ಸಿಗದವರಂತೆ ಬಿಸಿಲಿನಲ್ಲಿ ಸಾಲಾಗಿ ನಿಂತರು. ಕೂತಿದ್ದವಳು ಒಬ್ಬಳೇ, ಎಲ್ಲರಿಗಿಂತ ಮೇಲೆ, ಬಾಗಿಲಿನ ನೆರಳಿನಲ್ಲಿ. ಲೋಕೇಶ ಅವಳ ಪಕ್ಕ ನಿಂತಿದ್ದ. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ಶಾಲಿನಿ ಕಡತ ತೆರೆದು ಗಂಟಲು ಸರಿಮಾಡಿಕೊಂಡಳು. "ಸಭೆ ಶುರು ಮಾಡೋಕೆ ಮೊದಲು... ಸದಸ್ಯರಲ್ಲದವರು ಸಭೆಯಲ್ಲಿ ಇರೋ ಹಾಗಿಲ್ಲ." ಈ ಮಾತನ್ನು ಅವಳು ಎಷ್ಟೋ ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದಳು.

ಹತ್ತಾರು ಕಣ್ಣು ಒಟ್ಟಿಗೆ ತಿರುಗಿದವು. "ಹಂಗಾದ್ರೆ ಲೋಕೇಸಣ್ಣ ಹೊರಕ್ಕೆ..." ಅಂದವನೊಬ್ಬ ಸುತ್ತ ನೋಡಿ ಬಾಯಿ ಮುಚ್ಚಿಕೊಂಡ. ಇದೇ ಹೊರಗು. ಮುಂದೆ ಎಲ್ಲಿಗೆ?

"ಬಿಸ್ಲಿಗೆ ಯಾಕೆ ಹೋಗ್ತೀರಿ?" ಅಂದಳು ಲತಾಮಣಿ. ಮೊದಲ ಸಲ ಅವನ ಮುಖ ನೋಡಿದಳು. ಆ ನೋಟದಲ್ಲಿ ಕೋಪ ಹುಡುಕಿದರೂ ಸಿಗಲಿಲ್ಲ, ಅದೇ ಹೆಚ್ಚು ನೋಯಿಸಿತು. "ಒಳಗೆ ಹೋಗಿ ಕೂತ್ಕಳಿ. ಫ್ಯಾನ್ ಐತೆ."

ಲೋಕೇಶ ಹೊಸ್ತಿಲು ದಾಟಿದ. ಅಭ್ಯಾಸಬಲದಿಂದ ಬಲಗಾಲೇ ಮುಂದೆ ಬಂತು. ಖಾಲಿ ಹಜಾರದಲ್ಲಿ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಸಂದರ್ಶಕರ ಬೆಂಚಿನ ಹತ್ತಿರ ಹೋಗಿ ನಿಂತ, ಅಲ್ಲಿ ಕೂರಲು ಮೈ ಒಪ್ಪಲಿಲ್ಲ. ಕಾಲುಗಳು ತಾವಾಗಿಯೇ ತಿರುಗುವ ಕುರ್ಚಿಯ ಕಡೆ ನಡೆದವು. ಕೂತ. ಇಲ್ಲಿಂದ ಪಕ್ಕದ ಬಾಗಿಲಿನ ಚೌಕದಲ್ಲಿ ಅವಳ ಬೆನ್ನು, ಹೂ ಮುಡಿದ ಜಡೆ, ಅದರಾಚೆ ಕಂಬಿ ಹಿಡಿದ ಕೈಗಳು ಕಾಣುತ್ತಿದ್ದವು. ಮೊದಲ ವಿಷಯ ಹೊಸ್ತಿಲು. ಮರಿಯಪ್ಪ ಒಸಿ ಶಾಸ್ತ್ರ ಹೇಳಿದ. ಲತಾಮಣಿ, "ಲಕ್ಷ್ಮಿ ಮೇಲೆ ಅಷ್ಟು ಭಯ ಇದ್ರೆ ನೀನೇ ದಿನಾ ಬಂದು ಬಾಗ್ಲಾಗೆ ಅಡ್ಡ ಮಲೀಕೋ, ಗಾಲಿ ಬಂದಾಗ ಏಳೀವಂತೆ," ಅಂದಳು. ನಗು ಎದ್ದಿತು. ಬಿಸಿಲು ಏರುತ್ತಿತ್ತು, ಕೈ ಎತ್ತಲು ಕಂಬಿ ಬಿಡಬೇಕಿತ್ತು, ಬಿಟ್ಟರೆ ಜಾರಬೇಕಿತ್ತು; 'ಆಯ್ತು, ಆಯ್ತು, ತೆಗೆಸ್ಬುಡಿ' ಎಂದು ಬಾಯಲ್ಲೇ ಒಪ್ಪಿದರು. ಗಂಗಯ್ಯನಿಗೆ ಹೇಳಿಕಳಿಸಿ ಎಂದಳು. ಎರಡನೆಯ ವಿಷಯ ಇಸ್ಕೂಲಿನ ಬಾಗಿಲು, ಮೂರನೆಯದು ಪಡಿತರ ಅಂಗಡಿಯ ಮೆಟ್ಟಿಲು. ಇಷ್ಟೆಲ್ಲ ಅವಳು ಯಾವಾಗ ಯೋಚಿಸಿದಳು? ಕೀಚಲು ಸದ್ದು ಕೇಳುತ್ತಿದ್ದಾಗ ಅವಳು ಮನೆಯ ಯಾವ ಮೂಲೆಯಲ್ಲಿದ್ದಾಳೆಂದು ಮಾತ್ರ ಅವನಿಗೆ ತಿಳಿಯುತ್ತಿತ್ತು.

ಮುಂದಿನ ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು, ಅಕ್ಬರಿ ಬೇಗಂ ಒಳಗೆ ಬಂದಳು. ಆಚೆಯ ಪಾಳ್ಯದ ಮುದುಕಿ, ಕಣ್ಣಿಗೆ ಪೊರೆ ಬಂದಿತ್ತು. ಮೇಜಿನ ಅಂಚು ಹಿಡಿದು ಉಸಿರು ಬಿಟ್ಟಳು.

"ಅಧ್ಯಕ್ಷರೇ, ನಮ್ಮ ಓಣಿಗೆ ನೀರು ಬಂದು ವಾರ ಆಯ್ತಪ್ಪ. ಇದಕ್ಕೊಂದು ಸೈನ್ ಹಾಕ್ಕೊಡಿ."

ಅರ್ಜಿ ಮೇಜಿನ ಮೇಲೆ ಬಂದು ಕೂತಿತು. ಲೋಕೇಶನ ಕೈ ಜೇಬಿನ ಪೆನ್ನಿಗೆ ಹೋಯಿತು. ಲತಾಮಣಿ ಎಂದು ಅವಳಿಗಿಂತ ಚೆನ್ನಾಗಿ ಬರೆಯಬಲ್ಲ ಕೈ ಅದು. ಕೊನೆಯ ಗುಡಿಸನ್ನು ಎಳೆದು ಕೆಳಗೆರಡು ಚುಕ್ಕಿ ಇಡುತ್ತಿದ್ದುದು ಅವನದೇ ಸೇರ್ಪಡೆ. ಪೆನ್ನಿನ ಮುಚ್ಚಳ ತೆಗೆದ. ಹೊರಗೆ ಅವಳು ಯಾರಿಗೋ ಏನೋ ಹೇಳುತ್ತಿದ್ದಳು, ಎಲ್ಲರೂ ಸುಮ್ಮನಿದ್ದು ಕೇಳುತ್ತಿದ್ದರು.

"ಅಧ್ಯಕ್ಷರು ಹೊರಗವ್ರೆ," ಅಂದ. ಪೆನ್ನಿಗೆ ಮುಚ್ಚಳ ಹಾಕಿದ.

ಮುದುಕಿ ಪಕ್ಕದ ಬಾಗಿಲಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದಳು. "ಅಲ್ಲಿ ಯಾರೋ ಹೆಂಗಸು ಕೂತಂಗೈತಲ್ಲಪ್ಪ?"

"ಅವ್ರೇ."

"ಹೌದಾ?" ಅಕ್ಬರಿ ಬೇಗಂ ಅರ್ಜಿಯನ್ನು ಅವನ ಕೈಕೆಳಗಿನಿಂದ ಎಳೆದುಕೊಂಡು ಮಡಿಚಿದಳು. ಎರಡು ಹೆಜ್ಜೆ ಹೋಗಿ, ಏನೋ ತಿಳಿಯದೆ ನಿಂತು, ತಿರುಗಿ ನೋಡಿದಳು. "ಮತ್ತೆ ನೀನು ಯಾರಪ್ಪ?"

ಲೋಕೇಶ ಎದ್ದು ನಿಂತ. ಕುರ್ಚಿ ಅವನ ಹಿಂದೆ ಅರ್ಧ ಸುತ್ತು ತಿರುಗಿ ಗೋಡೆಗೆ ಮುಖಮಾಡಿ ನಿಂತಿತು.

"ನಾನು ಅವ್ರ ಮನೆಯವ್ನು ಕಣಮ್ಮ," ಅಂದ.